ಮಾಂಟೆಸ್ಸರಿ ಅಂದರೆ ಎಲ್‌ಕೆಜಿಗೆ ಮೊದಲಿನ ಕ್ಲಾಸಾ?

ನಮ್ಮ ಕಾಸರಗೋಡಿನ ಬದಿಯಡ್ಕ, ಕುಂಬಳೆ ಕಡೆ "ಮಗುವನ್ನು ಎಲ್ಲಿಗೆ ಹಾಕಿದ್ರಿ?" ಎಂದು ಕೇಳಿದರೆ, "ಈ ವರ್ಷ ಮಾಂಟೆಸ್ಸರಿ, ಬರುವ ವರ್ಷ ಎಲ್‌ಕೆಜಿ" ಎನ್ನುವವರಿದ್ದಾರೆ. ತಂಗಿಯ ಮಗಳಿಗೆ ಶಾಲೆ ಹುಡುಕಲು ಹೊರಡುವ ತನಕ ನಾನೂ ಅದನ್ನು ಒಂದು ಕ್ಲಾಸಿನ ಹೆಸರು ಎಂದೇ ತಿಳಿದಿದ್ದೆ. ಅದು ಒಬ್ಬ ಡಾಕ್ಟರಮ್ಮನ ಹೆಸರು.

ಇಟಲಿಯ ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮಿನ ಸಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ಮೊದಲ 'ಮಕ್ಕಳ ಮನೆ' ತೆರೆದರು. ಅಪ್ಪ ಅಮ್ಮ ಕೆಲಸಕ್ಕೆ ಹೋದ ಮೇಲೆ ಸುಮ್ನೆ ಅಲೆಯುತ್ತಿದ್ದ ಮಕ್ಕಳಿಗಾಗಿ. ಈಗ ಆ ಹೆಸರು ಕೇಳಿದರೆ ಮೊದಲು ಫೀಸು ನೆನಪಾಗುತ್ತದೆ, ಇರಲಿ. 1939ರಲ್ಲಿ ಅವರು ಮದರಾಸಿನ ಅಡ್ಯಾರಿಗೆ ಬಂದರು. ಯುದ್ಧದಿಂದಾಗಿ 1946ರವರೆಗೆ ಇಲ್ಲೇ ಉಳಿದು ಶಿಕ್ಷಕರಿಗೆ ತರಬೇತಿ ಕೊಟ್ಟರು. ಆಗ ನಮ್ಮ ಕಾಸರಗೋಡೂ ಮದರಾಸು ಪ್ರಾಂತ್ಯದಲ್ಲೇ ಇತ್ತು.

ಅವರ ಕ್ರಮದಲ್ಲಿ ಮಗು ಕೈಯಿಂದ ಕಲಿಯುತ್ತದೆ. ಒಂದು ಉದ್ದದ ಮರದ ತುಂಡು, ಅದರಲ್ಲಿ ಹತ್ತು ಗುಳಿ, ಹತ್ತು ಗುಳಿಗೆ ಹತ್ತು ಗೂಟ. ಸಣ್ಣ ಗೂಟವನ್ನು ದೊಡ್ಡ ಗುಳಿಗೆ ಹಾಕಿದರೆ ಆ ಹೊತ್ತಿಗೆ ಏನೂ ಗೊತ್ತಾಗುವುದಿಲ್ಲ. ಕೊನೆಗೆ ಒಂದು ದಪ್ಪ ಗೂಟಕ್ಕೆ ಜಾಗ ಸಿಗದೆ ಕೈಯಲ್ಲೇ ಉಳಿಯುತ್ತದೆ. "ತಪ್ಪು" ಎಂದು ಯಾರೂ ಹೇಳಬೇಕಾಗಿಲ್ಲ. ಮಗು ಎಲ್ಲವನ್ನೂ ತೆಗೆದು ಮತ್ತೆ ಶುರು ಮಾಡುತ್ತದೆ.

ಅಕ್ಷರವೂ ಹಾಗೆಯೇ. ಬಡಗಿ ಮರ ಉಜ್ಜುವ ಮರಳುಕಾಗದದಲ್ಲಿ ಅಕ್ಷರ ಕತ್ತರಿಸಿ ಹಲಗೆಗೆ ಅಂಟಿಸಿರುತ್ತಾರೆ. ಮಗು ಅದರ ಮೇಲೆ ಬೆರಳಾಡಿಸುತ್ತಾ ಅದರ ಸದ್ದು ಹೇಳುತ್ತದೆ. ಇದನ್ನು ನೋಡಿದಾಗ ನನಗೆ ಅಜ್ಜ ನೆನಪಾದರು. ಅವರು ಹೊಯ್ಗೆಯಲ್ಲಿ ಬೆರಳಿಟ್ಟು ಅಕ್ಷರ ಕಲಿತವರು. ಇಂಗ್ಲಿಷಿನಲ್ಲಿ 'ಎಚ್' ಎಂಬ ಅಕ್ಷರದ ಸದ್ದು 'ಹ್' ಎಂದು ಬೇರೆಯಾಗಿ ಕಲಿಸಬೇಕು. ಕನ್ನಡದಲ್ಲಿ ಆ ರಗಳೆ ಇಲ್ಲ, 'ಹ' ಅಂದರೆ 'ಹ'.

ಇನ್ನು ಶಾಲೆ ಆರಿಸುವ ವಿಷಯ. ಬೋರ್ಡು ನೋಡಿ ನಂಬಬೇಡಿ. ಮಾಂಟೆಸ್ಸರಿ ಎಂಬ ಹೆಸರು ಯಾರೊಬ್ಬರ ಸೊತ್ತೂ ಅಲ್ಲ, ಯಾರು ಬೇಕಾದರೂ ಬರೆಸಿಕೊಳ್ಳಬಹುದು. ನಾವು ನೋಡಿದ ಒಂದು ಶಾಲೆಯಲ್ಲಿ ಸಾಮಾನೆಲ್ಲ ಗಾಜಿನ ಕಪಾಟಿನಲ್ಲಿ ಫಳಫಳ ಹೊಳೆಯುತ್ತಿತ್ತು. "ಮಕ್ಕಳು ಹಾಳು ಮಾಡ್ತಾರೆ, ಅದಕ್ಕೇ ಬೀಗ" ಎಂದರು. ಕೆಳಗೆ ಮೂವತ್ತು ಮಕ್ಕಳು ಸಾಲಾಗಿ ಕೂತು ಒಂದೇ ಅಕ್ಷರ ತಿದ್ದುತ್ತಿದ್ದರು.

ಆಗುವುದಾದರೆ ಅರ್ಧ ಗಂಟೆ ಮೂಲೆಯಲ್ಲಿ ಕೂತು ನೋಡಿ. ಎರಡೂವರೆಯಿಂದ ಆರು ವರ್ಷದ ಮಕ್ಕಳು ಒಂದೇ ಕೋಣೆಯಲ್ಲಿರಬೇಕು. ಸಾಮಾನು ಮಗುವಿನ ಕೈಗೆ ಎಟಕುವ ಎತ್ತರದಲ್ಲಿರಬೇಕು, ಸ್ವಲ್ಪ ಸವೆದಿದ್ದರೆ ಇನ್ನೂ ಒಳ್ಳೆಯದು. ಬೆಳಗ್ಗಿನ ಹೊತ್ತು ಸುಮಾರು ಮೂರು ಗಂಟೆ ಕಾಲ, ಮಧ್ಯೆ ಬೆಲ್ಲು ಬಾರಿಸದೆ ಮಕ್ಕಳನ್ನು ಅವರ ಕೆಲಸಕ್ಕೆ ಬಿಡುತ್ತಾರಾ? ಟೀಚರ್ ಎಲ್ಲಿ, ಎಷ್ಟು ತಿಂಗಳು ತರಬೇತಿ ಪಡೆದಿದ್ದಾರೆ? ಕೇಳಲು ಸಂಕೋಚ ಬೇಡ. ನನಗೆ ಎಲ್ಲಕ್ಕಿಂತ ಜಾಸ್ತಿ ಹೇಳಿದ್ದು ಒಂದು ಚೊಂಬು ನೀರು. ಇನ್ನೊಂದು ಶಾಲೆಯಲ್ಲಿ ಒಂದು ಮಗು ಲೋಟಕ್ಕೆ ಬಗ್ಗಿಸುವಾಗ ಚೆಲ್ಲಿತು. ಟೀಚರ್ ಎದ್ದು ಬರಲಿಲ್ಲ. ಮಗುವೇ ಹೋಗಿ ಬಟ್ಟೆ ತಂದು ಒರೆಸಿತು.

ಆ ಶಾಲೆಯೇ ಆಯಿತು. ಒಂದೇ ಕೊರತೆ, ಮರಳುಕಾಗದದ ಅಕ್ಷರಗಳೆಲ್ಲ ಇಂಗ್ಲಿಷಿನವು. ನಮ್ಮ ಮಗು ಮನೆಯಲ್ಲಿ ತುಳು, ಕನ್ನಡ, ಪೇಟೆಯಲ್ಲಿ ಮಲಯಾಳ ಕೇಳುವುದು. "ಕನ್ನಡದ್ದು ಇಲ್ವಾ ಟೀಚರ್?" ಎಂದೆ. "ಕತ್ತರಿಸಿ ಅಂಟಿಸಿದರಾಯ್ತು ಅಲ್ವಾ? ನೀವೇ ಮಾಡಿ ಕೊಡಿ" ಎಂದರು. ಈಗ 'ಳ'ದವರೆಗೆ ಬಂದಿದ್ದೇನೆ. 'ಋ' ಕತ್ತರಿಸುವಷ್ಟರಲ್ಲಿ ಮೂರು ಹಾಳೆ ಹಾಳಾಯಿತು.