ರಾತ್ರಿ ಕುದುರೆಯನ್ನು ಮರಕ್ಕೆ ಕಟ್ಟಿದರೆ ಸಾಕಲ್ವಾ?

ಪ್ರಶ್ನೆ: ಈ ಬೇಸಿಗೆಗೆ ಮೊದಲ ಸಲ ಕುದುರೆಗಳ ಜೊತೆ ಅಮೆರಿಕದ ಕ್ಯಾಸ್ಕೇಡ್ ಬೆಟ್ಟಗಳಿಗೆ ಕ್ಯಾಂಪಿಂಗ್ ಹೋಗುತ್ತಿದ್ದೇವೆ. ಅಲ್ಲಿ ನಲ್ಲಿ ಇಲ್ಲ, ಕರೆಂಟ್ ಇಲ್ಲ, ಲಾಯವೂ ಇಲ್ಲವಂತೆ. ರಾತ್ರಿ ಕುದುರೆಗಳನ್ನು ಟೆಂಟ್ ಪಕ್ಕದ ಮರಕ್ಕೆ ಕಟ್ಟಿದರೆ ಸಾಕಲ್ವಾ?

ಸಾಕಾಗಲ್ಲ. ಸಾಕಾಗದ್ದು ಮಾತ್ರ ಅಲ್ಲ, ಕಟ್ಟಲೇಬಾರದು.

ಜೂನ್ ಬಂತೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಸಿಯಾಟಲ್ ಕಡೆಯಿಂದ, ಪೋರ್ಟ್‌ಲ್ಯಾಂಡ್‌ನಿಂದ, ಹೋದ ವರ್ಷ ಬಾಯ್ಸಿಯಿಂದಲೂ ಬಂದಿತ್ತು. ಫೋನಿನಲ್ಲಿ ಒಬ್ಬೊಬ್ಬರಿಗೂ ಅರ್ಧ ಗಂಟೆ ಹೇಳಿ ನನಗೂ ಸಾಕಾಗಿದೆ. ಹೇಳಿದ ಮೇಲೂ ಕೊನೆಗೆ "ಒಂದೇ ರಾತ್ರಿ ತಾನೆ, ಏನಾಗುತ್ತೆ ಬಿಡಿ" ಅನ್ನುವವರು ಇದ್ದಾರೆ. ಅದಕ್ಕೇ ಈ ಸಲ ಪೂರ್ತಿ ಬರೆದುಬಿಡುತ್ತಿದ್ದೇನೆ. ಸ್ವಲ್ಪ ತಾಳ್ಮೆಯಿಂದ ಓದಿ.

ಈ ತಪ್ಪು ಕಲ್ಪನೆ ನಮ್ಮವರಲ್ಲಿ ಯಾಕೆ ಇಷ್ಟು ಗಟ್ಟಿಯಾಗಿ ಕೂತಿದೆ ಅನ್ನುವುದು ನನಗೆ ಚೆನ್ನಾಗಿ ಗೊತ್ತು. ನಾನೂ ಅದೇ ನೋಡಿ ಬೆಳೆದವನು. ತಿಪಟೂರಿನ ಕಡೆ ನಮ್ಮಜ್ಜ ಎತ್ತುಗಳನ್ನು ಹುಣಸೆ ಮರಕ್ಕೆ ಕಟ್ಟುತ್ತಿದ್ದರು. ಸಂತೆಗೆ ಹೋದರೂ ಮರ, ಜಾತ್ರೆಗೆ ಹೋದರೂ ಮರ. ಎತ್ತು ಹುಲ್ಲು ತಿಂದು ಮಲಗಿ ಮೆಲುಕು ಹಾಕುತ್ತಿತ್ತು. ಮರಕ್ಕೆ ಏನೂ ಆಗುತ್ತಿರಲಿಲ್ಲ. ಹಾಗಾಗಿ ಪ್ರಾಣಿ, ಹಗ್ಗ, ಮರ ಈ ಮೂರು ಇದ್ದರೆ ಕೆಲಸ ಮುಗಿಯಿತು ಅನ್ನುವುದು ನಮ್ಮ ತಲೆಯಲ್ಲಿ ಇಳಿದುಬಿಟ್ಟಿದೆ.

ಆದರೆ ಕುದುರೆ ಎತ್ತಲ್ಲ. ಕ್ಯಾಸ್ಕೇಡ್ ಬೆಟ್ಟದ, ಸೂಜಿಯಂಥ ಎಲೆಯ ಫರ್ ಮರ ಹುಣಸೆ ಮರವೂ ಅಲ್ಲ.

ಮೊದಲು ಕುದುರೆಯ ವಿಷಯ. ಎತ್ತಿಗೆ ಮೆಲುಕು ಹಾಕುವುದೇ ಒಂದು ಕೆಲಸ. ಗಂಟೆಗಟ್ಟಲೆ ಒಂದೇ ಕಡೆ ಮಲಗಿ ಅದನ್ನೇ ಮಾಡುತ್ತದೆ. ಕುದುರೆಗೆ ಆ ಕೆಲಸ ಇಲ್ಲ. ಬಯಲಲ್ಲಿ ಬಿಟ್ಟರೆ ದಿನಕ್ಕೆ ಹತ್ತಿರ ಹತ್ತಿರ 16 ಗಂಟೆ ಮೇಯುವ, ಮೇಯುತ್ತಾ ನಡೆಯುತ್ತಲೇ ಇರುವ ಪ್ರಾಣಿ ಅದು. ಅದನ್ನು ಗಿಡ್ಡ ಹಗ್ಗದಲ್ಲಿ ಒಂದು ಬುಡಕ್ಕೆ ಕಟ್ಟಿದರೆ ಏನು ಮಾಡುತ್ತದೆ? ಮುಂಗಾಲಲ್ಲಿ ನೆಲ ಕೆರೆಯುತ್ತದೆ. ಹಸಿವಾದರೆ ಕೆರೆಯುತ್ತದೆ. ಸೊಳ್ಳೆ ಕಚ್ಚಿದರೆ ಕೆರೆಯುತ್ತದೆ. ಜೊತೆಯ ಕುದುರೆಯನ್ನು ನೀರಿಗೆ ಕರೆದುಕೊಂಡು ಹೋದಿರೋ, ಅದು ವಾಪಸ್ ಬರುವವರೆಗೆ ಕೆನೆಯುತ್ತಾ ಕೆರೆಯುತ್ತದೆ. 450 ಕೆಜಿ ತೂಕದ ಪ್ರಾಣಿ, ಕಾಲಿಗೆ ಕಬ್ಬಿಣದ ಲಾಳ. ಒಂದು ರಾತ್ರಿ ಸಾಕು.

ಈಗ ಮರ. ಊರಿನ ಹುಣಸೆಯ ಬೇರು ಆಳಕ್ಕೆ ಹೋಗಿರುತ್ತದೆ, ತೊಗಟೆ ದಪ್ಪ, ವರ್ಷವಿಡೀ ಬೆಳೆಯುವ ಹವೆ. ಇಲ್ಲಿ 5,000 ಅಡಿ ಮೇಲೆ ಹಿಮ ಕರಗಿ ನೆಲ ಕಾಣುವುದೇ ಜೂನ್ ಹೊತ್ತಿಗೆ. ಅಕ್ಟೋಬರ್‌ಗೆ ಮತ್ತೆ ಬೀಳಲು ಶುರು. ವರ್ಷದಲ್ಲಿ ಮೂರು ನಾಲ್ಕು ತಿಂಗಳು ಬೆಳೆದು ಬದುಕುವ ಮರಗಳು ಇವು. ಈ ಎತ್ತರದಲ್ಲಿ ಬೆಳೆಯುವ ಸಬ್‌ಆಲ್ಪೈನ್ ಫರ್‌ನ ತೊಗಟೆ ತೆಳು, ಬೇರು ಮೇಲ್ಮೇಲೆ ಹರಡಿರುತ್ತದೆ. ಮರದ ಎಲೆ ತಯಾರಿಸಿದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಗೇ ಇರುವ ಒಂದು ತೆಳ್ಳಗಿನ ಪದರದಲ್ಲಿ. ಕುದುರೆ ಜಗ್ಗಿದಂತೆಲ್ಲ ಹಗ್ಗ ಗರಗಸದ ಹಾಗೆ ಅದನ್ನು ಉಜ್ಜುತ್ತದೆ. ಬೇಜಾರಾದ ಕುದುರೆ ಹಲ್ಲಿನಲ್ಲಿ ತೊಗಟೆ ಕೀಳುವುದೂ ಉಂಟು. ಸುತ್ತಲೂ ಬಳೆಯ ಹಾಗೆ ಆ ಪದರ ಹೋಯಿತೆಂದರೆ ಮರ ಸತ್ತಂತೆ. ಅದು ಅವತ್ತೇ ಕಾಣುವುದಿಲ್ಲ. ಎಲೆ ಹಸಿರಾಗಿಯೇ ಇರುತ್ತದೆ, ನೀವು ಖುಷಿಯಾಗಿ ಮನೆಗೆ ಹೋಗುತ್ತೀರಿ. ಮುಂದಿನ ವರ್ಷವೋ ಅದರ ಮುಂದಿನ ವರ್ಷವೋ ಅದು ಕೆಂಪಾಗಿ ಒಣಗುತ್ತದೆ. "ನಾನು ಎಷ್ಟೋ ಸಲ ಕಟ್ಟಿದ್ದೀನಿ, ಏನೂ ಆಗಿಲ್ಲ" ಅನ್ನುವವರ ಮಾತು ನಿಂತಿರುವುದು ಇದರ ಮೇಲೆ. ಆದದ್ದನ್ನು ನೋಡಲು ಅವರು ವಾಪಸ್ ಹೋಗಿಲ್ಲ, ಅಷ್ಟೇ.

ನಾನು ಹೋಗಿದ್ದೆ. ನನ್ನ ಮೊದಲ ವರ್ಷ, ಕೆಂಪಿ ಅನ್ನುವ ನನ್ನ ಹೆಣ್ಣು ಕುದುರೆಯನ್ನು ಒಂದು ಫರ್ ಮರಕ್ಕೆ ಕಟ್ಟಿ ಮಲಗಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಬುಡದ ಸುತ್ತ ಅರ್ಧಚಂದ್ರದ ಹಾಗೆ ಒಂದು ಗುಂಡಿ, ನನ್ನ ಮೊಣಕಾಲಿನ ಅರ್ಧ ಬರುವಷ್ಟು ಆಳ. ಹೆಬ್ಬೆರಳು ದಪ್ಪದ ಬೇರುಗಳು ಸಿಪ್ಪೆ ಸುಲಿದು ಬೆಳ್ಳಗೆ ಹೊರಗೆ ಬಂದಿದ್ದವು. ಒಂದರ ತುದಿಯಲ್ಲಿ ಅಂಟು ಹನಿಗಟ್ಟಿತ್ತು. ಮಣ್ಣು ಮುಚ್ಚಿ, ಸೂಜಿ ಎಲೆ ಹರಡಿ ಬಂದೆ. ಎರಡು ವರ್ಷದ ಮೇಲೆ ಅದೇ ಜಾಗಕ್ಕೆ ಹೋದಾಗ ಆ ಮರದಲ್ಲಿ ಒಂದೂ ಹಸಿರು ಎಲೆ ಇರಲಿಲ್ಲ. ಸುತ್ತಲಿನ ಮರಗಳೆಲ್ಲ ಚೆನ್ನಾಗಿದ್ದವು. ನಾನು ಆ ಕಡೆ ಹೋದಾಗಲೆಲ್ಲ ಈಗಲೂ ಆ ಬೊಡ್ಡೆಯನ್ನು ನೋಡಿ ಬರುತ್ತೇನೆ.

"ನಮ್ಮ ಕುದುರೆ ತುಂಬಾ ಸಾಧು, ಕೆರೆಯಲ್ಲ" ಅನ್ನುವುದು ಮುಂದಿನ ವಾದ. ಕೆಂಪಿಗಿಂತ ಸಾಧು ಕುದುರೆಯನ್ನು ನಾನು ನೋಡಿಲ್ಲ. ಮನೆಯ ಲಾಯದಲ್ಲಿ ಸಾಧುವಾಗಿರುವುದು ಬೇರೆ, ಗುರುತಿಲ್ಲದ ಕಾಡಿನಲ್ಲಿ, ಎಲ್ಕ್ ಅನ್ನುವ ದೊಡ್ಡ ಜಿಂಕೆ ಕೂಗುವ ಕತ್ತಲಲ್ಲಿ ಇರುವುದು ಬೇರೆ.

ಇನ್ನು ಮರವನ್ನು ಬಿಡಿ, ಕುದುರೆಗೇ ಅಪಾಯ ಇದೆ. ಮರಕ್ಕೆ ಕಟ್ಟಿದ ಕುದುರೆ ಸುತ್ತುತ್ತದೆ. ಒಂದೊಂದು ಸುತ್ತಿಗೂ ಹಗ್ಗ ಗಿಡ್ಡವಾಗುತ್ತದೆ. ಕೊನೆಗೆ ಮೂತಿ ಬೊಡ್ಡೆಗೆ ಅಂಟಿಕೊಂಡು, ಗಾಬರಿಯಾಗಿ ಹಿಂದಕ್ಕೆ ಜಗ್ಗುತ್ತದೆ. ಹಗ್ಗ ಉದ್ದ ಬಿಟ್ಟರೆ ಕಾಲು ಸಿಕ್ಕಿಕೊಂಡು ಗೊರಸಿನ ಮೇಲಿನ ಚರ್ಮ ಸುಟ್ಟ ಹಾಗೆ ಕಿತ್ತುಹೋಗುತ್ತದೆ. ಡಾಕ್ಟರ್ ಇರುವ ಊರು ಮೂರು ಗಂಟೆ ದೂರ. ಆ ರಾತ್ರಿ ಏನು ಮಾಡುತ್ತೀರಿ?

ಸರಿ, ಹಾಗಾದರೆ ಏನು ಮಾಡಬೇಕು? ಹೈಲೈನ್ ಕಟ್ಟಬೇಕು. ಹೆಸರು ಕೇಳಿ ಹೆದರಬೇಡಿ, ಬಟ್ಟೆ ಒಣಗಿಸುವ ತಂತಿಯಂಥದ್ದೇ. ಎರಡು ಗಟ್ಟಿ ಮರಗಳ ನಡುವೆ, ತಲೆಗಿಂತ ಎತ್ತರದಲ್ಲಿ, ಅಂದರೆ ಸುಮಾರು 7 ಅಡಿಗೆ, ಒಂದು ಹಗ್ಗ ಬಿಗಿಯಾಗಿ ಎಳೆದು ಕಟ್ಟುವುದು. ಆ ಹಗ್ಗಕ್ಕೆ ಕುದುರೆಯನ್ನು ಕಟ್ಟುವುದು. ಕುದುರೆ ಎರಡು ಮರಗಳ ಮಧ್ಯೆ ನಿಲ್ಲುತ್ತದೆ. ಅದರ ಗೊರಸು ಮರದ ಬುಡದ ಬೇರಿಗೆ ತಾಗುವುದಿಲ್ಲ.

ಹೈಲೈನ್ ಹಗ್ಗವನ್ನು ನೇರವಾಗಿ ಮರಕ್ಕೆ ಸುತ್ತಬೇಡಿ. ಮೊದಲು 2 ಇಂಚಿಗಿಂತ ಅಗಲದ ನೈಲಾನ್ ಪಟ್ಟಿ ಸುತ್ತಿ, ಅದರ ಕೊಂಡಿಗೆ ಹಗ್ಗ ಹಾಕಿ. ಟ್ರೀ ಸೇವರ್ ಅಂತ ಮಾರುತ್ತಾರೆ, ಅದು ಕೊಳ್ಳುವಂಥದ್ದೇ. ತೊಡೆಗಿಂತ ತೆಳ್ಳಗಿರುವ ಮರ ಬೇಡ, ಸತ್ತ ಮರ ಬೇಡವೇ ಬೇಡ. ಕುದುರೆಯ ಹಗ್ಗ ಕಟ್ಟುವ ಕಡೆ ಹೈಲೈನ್‌ನಲ್ಲಿ ಒಂದು ಕುಣಿಕೆಯೋ ತಿರುಗುವ ಕೊಂಡಿಯೋ ಇರಲಿ. ಇಲ್ಲದಿದ್ದರೆ ಹಗ್ಗ ಜಾರುತ್ತಾ ಜಾರುತ್ತಾ ಕುದುರೆ ಮತ್ತೆ ಮರದ ಬುಡಕ್ಕೇ ಹೋಗಿ ನಿಲ್ಲುತ್ತದೆ, ಪಟ್ಟ ಕಷ್ಟವೆಲ್ಲ ವ್ಯರ್ಥ. ಗಂಟು ಯಾವಾಗಲೂ ಒಂದು ತುದಿ ಎಳೆದರೆ ಪೂರ್ತಿ ಬಿಚ್ಚಿಕೊಳ್ಳುವಂಥದ್ದು. ಕತ್ತಲಲ್ಲಿ, ಚಳಿಗೆ ಬೆರಳು ಮರಗಟ್ಟಿದಾಗಲೂ ಕಟ್ಟಿ ಬಿಚ್ಚಲು ಬರಬೇಕು. ಮನೆಯ ಹಿತ್ತಲಲ್ಲಿ ಕಣ್ಣು ಮುಚ್ಚಿಕೊಂಡು ಅಭ್ಯಾಸ ಮಾಡಿ. ನನ್ನ ಮಗಳು ಒಂಬತ್ತು ವರ್ಷಕ್ಕೇ ಕಲಿತಳು, ಈಗ ದೊಡ್ಡವರಿಗೆ ಅವಳೇ ಹೇಳಿಕೊಡುತ್ತಾಳೆ.

ಜಾಗ ಎಲ್ಲಿ? ಹಸಿರು ಹುಲ್ಲುಗಾವಲಿನಲ್ಲಿ ಅಲ್ಲ. ಒಣಗಿದ, ಕಲ್ಲು ಕಲ್ಲಾದ ಗಟ್ಟಿ ನೆಲದಲ್ಲಿ, ತೊರೆಯಿಂದ 200 ಅಡಿ ಆಚೆ. ವಾಷಿಂಗ್ಟನ್ ರಾಜ್ಯದ ಎಲೆನ್ಸ್‌ಬರ್ಗ್‌ನ ಉತ್ತರಕ್ಕೆ ಬೆಟ್ಟದ ಮೇಲಿರುವ ಹೇನಿ ಮೆಡೋಗೆ ಹೋದವರಿಗೆ ಗೊತ್ತು, ಆ ಹುಲ್ಲುಗಾವಲು ಕಂಡ ಕೂಡಲೇ ಕುದುರೆಯನ್ನು ಅಲ್ಲೇ ಕಟ್ಟೋಣ ಅನಿಸುತ್ತದೆ. ಬೇಡ. ಒದ್ದೆ ನೆಲದಲ್ಲಿ ಗೊರಸು ಇಳಿದ ಗುಳಿ ವರ್ಷಗಟ್ಟಲೆ ಮುಚ್ಚುವುದಿಲ್ಲ.

ಊಟಕ್ಕೆ ನಿಂತಾಗ ಕಣ್ಣೆದುರಿಗೆ ಹತ್ತು ನಿಮಿಷ ಮರಕ್ಕೆ ಕಟ್ಟಿದರೆ ತಪ್ಪಾ ಅಂತ ಕೇಳುತ್ತಾರೆ. ದೊಡ್ಡ ಮರ ನೋಡಿ, ಕುದುರೆಯ ಭುಜಕ್ಕಿಂತ ಎತ್ತರಕ್ಕೆ ಕಟ್ಟಿ, ಕೆರೆಯಲು ಶುರು ಮಾಡಿದ ಕೂಡಲೇ ಬಿಚ್ಚುವುದಾದರೆ ನಾನು ಬೇಡ ಅನ್ನುವುದಿಲ್ಲ. ರಾತ್ರಿಗೆ ಮಾತ್ರ ಇಲ್ಲ.

ಮೇವು ನೀರಿನ ವಿಷಯ ಬೇಗ ಹೇಳುತ್ತೇನೆ. ಒಂದು ಕುದುರೆಗೆ ದಿನಕ್ಕೆ 8–9 ಕೆಜಿ ಒಣಹುಲ್ಲು, 25ರಿಂದ 40 ಲೀಟರ್ ನೀರು. ಹುಲ್ಲು ಬಲೆಯಲ್ಲಿ ಹಾಕಿ ತೂಗುಬಿಟ್ಟರೆ ರಾತ್ರಿಯೆಲ್ಲ ನಿಧಾನಕ್ಕೆ ಎಳೆದು ತಿನ್ನುತ್ತದೆ, ಕೆರೆಯುವುದು ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ನ್ಯಾಷನಲ್ ಫಾರೆಸ್ಟ್, ಅಂದರೆ ಸರ್ಕಾರಿ ಕಾಡಿನ ಒಳಗೆ ಕಳೆ ಬೀಜ ಇಲ್ಲ ಅಂತ ಸರ್ಟಿಫಿಕೇಟ್ ಇರುವ ಮೇವನ್ನೇ ಒಯ್ಯಬೇಕು. ಎರಡು ಮೂರು ದಿನ ಮೊದಲೇ ಮನೆಯಲ್ಲಿ ಅದೇ ಮೇವು ತಿನ್ನಿಸಲು ಶುರು ಮಾಡಿ. ಮೇವು ಏಕಾಏಕಿ ಬದಲಾದರೆ ಹೊಟ್ಟೆನೋವು ಬರುತ್ತದೆ. ಅಷ್ಟೇ ಅಲ್ಲ, ಹಳೆ ಮೇವಿನ ಕಳೆ ಬೀಜ ಲದ್ದಿಯ ಮೂಲಕ ಬೆಟ್ಟ ಸೇರುತ್ತದೆ. ಕಾಂಗ್ರೆಸ್ ಗಿಡ ನಮ್ಮ ಹೊಲಗಳಿಗೆ ಏನು ಮಾಡಿತು ಅಂತ ಕಂಡವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ. ಹೊರಡುವ ಮುಂಚೆ ಲದ್ದಿಯನ್ನು ಕುಂಟೆಯಲ್ಲಿ ಎಳೆದು ತೆಳ್ಳಗೆ ಚದುರಿಸಿ. ಕುದುರೆ ಕೆರೆದ ಗುಂಡಿ ಇದ್ದರೆ ಮುಚ್ಚಿ.

ಯಾರು ನೋಡುತ್ತಾರೆ ಅನ್ನಬೇಡಿ. ಈ ಟ್ರೇಲ್‌ಗಳು ಕುದುರೆಗಳಿಗೆ ಇನ್ನೂ ತೆರೆದಿರುವುದರ ಹಿಂದೆ ಎಷ್ಟೋ ಜನರ ಬೆವರಿದೆ. ಬ್ಯಾಕ್ ಕಂಟ್ರಿ ಹಾರ್ಸ್‌ಮೆನ್ ಅನ್ನುವ ಸಂಘ 1973ರಲ್ಲಿ ಮೊಂಟಾನಾದಲ್ಲಿ ಶುರುವಾದದ್ದು. ಅದರ ಜನ ಸಂಬಳವಿಲ್ಲದೆ ಬಂದು ದಾರಿಗೆ ಬಿದ್ದ ಮರ ಕತ್ತರಿಸುತ್ತಾರೆ. 1964ರ ವೈಲ್ಡರ್‌ನೆಸ್ ಕಾಯ್ದೆಯ ಪ್ರಕಾರ ವೈಲ್ಡರ್‌ನೆಸ್ ಅಂತ ಘೋಷಿಸಿ ಕಾಪಾಡುವ ಕಾಡುಗಳಲ್ಲಿ ಮೋಟಾರ್ ಗರಗಸ ಬಳಸುವ ಹಾಗಿಲ್ಲ, ಹಾಗಾಗಿ ಇಬ್ಬರು ಎರಡು ಕಡೆ ಹಿಡಿದು ಎಳೆಯುವ ಉದ್ದ ಗರಗಸದಲ್ಲೇ ಕೊಯ್ಯುತ್ತಾರೆ. ಅರವತ್ತು ದಾಟಿದವರು ಅಂಥ ಗರಗಸ ಎಳೆಯುವುದನ್ನು ಒಂದು ಸಲ ನೋಡಿದರೆ, ನಮ್ಮ ಹಗ್ಗದಿಂದ ಒಂದು ಮರ ಒಣಗಲಿ ಅಂತ ಬಿಡಲು ಮನಸ್ಸೇ ಬರುವುದಿಲ್ಲ.

ಇನ್ನೊಂದು ಮಾತು. ಇದನ್ನು ಯಾರೂ ನೇರವಾಗಿ ಕೇಳಿಲ್ಲ. ಆದರೆ ಹಗ್ಗದ ಉದ್ದ ಎಷ್ಟಿರಬೇಕು ಅಂತ ಹೇಳುವಾಗಲೆಲ್ಲ "ಕುದುರೆ ನಿಂತೇ ನಿದ್ದೆ ಮಾಡುತ್ತಲ್ವಾ, ಗಿಡ್ಡ ಇದ್ದರೇನು" ಅನ್ನುತ್ತಾರೆ. ಅರ್ಧ ನಿಜ. ಕುದುರೆ ಹಿಂಗಾಲಿನ ಕೀಲನ್ನು ಕೊಕ್ಕೆ ಹಾಕಿದ ಹಾಗೆ ಬಿಗಿ ಮಾಡಿಕೊಂಡು ನಿಂತೇ ತೂಕಡಿಸುತ್ತದೆ, ಸ್ನಾಯುಗಳಿಗೆ ಹೆಚ್ಚು ಶ್ರಮವೇ ಆಗುವುದಿಲ್ಲ. ಆದರೆ ಕನಸು ಬೀಳುವಂಥ ನಿದ್ದೆಯಲ್ಲಿ ಮೈಯ ಬಿಗಿ ಪೂರ್ತಿ ಬಿಟ್ಟುಹೋಗುತ್ತದೆ. ಅದಕ್ಕೆ ಮಲಗಲೇಬೇಕು. ದಿನಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಸಾಕು, ಅದೂ ತುಂಡು ತುಂಡಾಗಿ. ಕೆಲವು ದಿನ ಅದೂ ಸಿಗದಿದ್ದರೆ ನಿಂತಲ್ಲೇ ಮುಂಗಾಲು ಮಡಚಿ ಕುಸಿಯುವ ಕುದುರೆಗಳಿವೆ. ಅಂಥ ಕುದುರೆಯ ಮೇಲೆ ಕೂತು ಕಡಿದಾದ ಬೆಟ್ಟ ಇಳಿಯಬೇಡಿ.

ಹಾಗಾಗಿ ಹಗ್ಗ ಕುದುರೆಯ ಮೂತಿ ನೆಲ ಮುಟ್ಟುವಷ್ಟು ಇರಬೇಕು. ಅದಕ್ಕಿಂತ ಉದ್ದ ಬೇಡ, ಕಾಲು ಸಿಕ್ಕಿಕೊಳ್ಳುತ್ತದೆ. ಗುರುತಿಲ್ಲದ ಜಾಗದಲ್ಲಿ ಒಂಟಿ ಕುದುರೆ ಮಲಗಲು ಹೆದರುತ್ತದೆ. ಎರಡು ಮೂರು ಇದ್ದರೆ ಒಂದು ಮಲಗಿದಾಗ ಇನ್ನೊಂದು ನಿಂತು ಕಾಯುತ್ತದೆ. ಟೆಂಟ್ ಒಳಗೆ ಎಚ್ಚರವಿದ್ದರೆ ಕೇಳಿಸುತ್ತದೆ. ಮೊದಲು ಒಂದೆರಡು ಹೆಜ್ಜೆ, ಆಮೇಲೆ ಧೊಪ್ ಅಂತ ಸದ್ದು, ಆಮೇಲೆ ಉದ್ದಕ್ಕೆ ಒಂದು ಉಸಿರು.

ಬೆಳಿಗ್ಗೆ ಜೀನು ಹಾಕುವ ಮುಂಚೆ ಕುದುರೆಯ ಎರಡೂ ಪಕ್ಕ ಕೈಯಾಡಿಸಿ ನೋಡಿ. ಒಂದು ಪಕ್ಕಕ್ಕೆ ಮಣ್ಣು, ಫರ್‌ನ ಸೂಜಿ ಎಲೆ ಅಂಟಿದ್ದರೆ ಅದು ಮಲಗಿ ಎದ್ದಿದೆ, ನಿಮ್ಮ ಹಗ್ಗದ ಅಳತೆ ಸರಿಯಾಗಿದೆ. ಚೆನ್ನಾಗಿ ಬ್ರಷ್ ಮಾಡಿ ಒಂದೊಂದೂ ತೆಗೆಯಿರಿ, ಜೀನಿನ ಕೆಳಗೆ ಒಂದು ಸೂಜಿ ಉಳಿದರೂ ಮಧ್ಯಾಹ್ನದ ಹೊತ್ತಿಗೆ ಬೆನ್ನು ಹುಣ್ಣಾಗುತ್ತದೆ.