ಲಿಫ್ಟ್ ಪಂಪ್ ಬದಲಿಸುವ ಮೊದಲು ವೈರ್ ನೋಡಿ

ಹೋದ ಮಳೆಗಾಲದಲ್ಲಿ ಕಾರವಾರದಿಂದ ಶಿರಸಿಗೆ ಮೀನು ಸಾಗಿಸುವ ಹಳೆಯ ಡೀಸೆಲ್ ಪಿಕಪ್ ಒಂದು ನನ್ನ ಶೆಡ್ಡಿಗೆ ಬಂತು. ಕುಮಟಾ ತನಕ ಚೆನ್ನಾಗಿ ಓಡುತ್ತದೆ, ದೇವಿಮನೆ ಘಟ್ಟ ಹತ್ತುವಾಗ ಮಾತ್ರ ಎಳೆಯುವುದಿಲ್ಲ. "ಅಣ್ಣಾ, ಇದು ಎರಡನೇ ಪಂಪ್. ಇದೂ ಹೋಯ್ತು ಅನ್ಸುತ್ತೆ" ಅಂದ ಡ್ರೈವರ್.

ಅವನು ಹೇಳಿದ್ದು ಲಿಫ್ಟ್ ಪಂಪ್, ಅಂದರೆ ಟ್ಯಾಂಕಿನಿಂದ ಎಂಜಿನ್ ಕಡೆಗೆ ಡೀಸೆಲ್ ತಳ್ಳುವ ಕರೆಂಟಿನ ಪಂಪ್. ಅದು ಹೋಗಿರಲಿಲ್ಲ. ಎಂಜಿನ್ ಚಾಲೂ ಇಟ್ಟು ಮೀಟರ್ ಹಿಡಿದೆ. ಬ್ಯಾಟರಿಯಲ್ಲಿ 13.8 ವೋಲ್ಟ್, ಪಂಪಿನ ತುದಿಯಲ್ಲಿ 10.9. ಸುಮಾರು ಮೂರು ವೋಲ್ಟ್ ದಾರಿಯಲ್ಲೇ ಕರಗಿತ್ತು. ಘಟ್ಟದಲ್ಲಿ ಎಂಜಿನ್ ಜಾಸ್ತಿ ಡೀಸೆಲ್ ಕೇಳುತ್ತದೆ, ಅರೆಹೊಟ್ಟೆಯ ಪಂಪ್ ಎಲ್ಲಿಂದ ಕೊಡಬೇಕು?

ಪಂಪ್ ಕೂರಿಸಿದವರು ಇಗ್ನಿಷನ್ ಸ್ವಿಚ್ಚಿನಿಂದಲೇ ಸಣ್ಣ ವೈರ್ ಎಳೆದಿದ್ದರು. ಲೆಕ್ಕ ಹಾಕಿ ನೋಡಿ. ಪಂಪ್ 6 ಆಂಪ್ ಎಳೆದರೆ, 5 ಮೀಟರ್ ಉದ್ದದ 0.5 ಚದರ ಮಿ.ಮೀ. ವೈರ್ ಒಂದೇ 1 ವೋಲ್ಟಿಗಿಂತ ಸ್ವಲ್ಪ ಜಾಸ್ತಿ ತಿನ್ನುತ್ತದೆ. ಅದೇ 2.5 ಚದರ ಮಿ.ಮೀ. ವೈರ್ ಹಾಕಿದರೆ ಹೋಗುವುದು ಕಾಲು ವೋಲ್ಟಿಗಿಂತ ಕಡಿಮೆ. ಉಳಿದದ್ದನ್ನು ಸವೆದ ಸ್ವಿಚ್ಚು ಮತ್ತು ಕೆಟ್ಟ ಅರ್ತಿಂಗ್ (ಕರೆಂಟು ಬಾಡಿ ಮೂಲಕ ಬ್ಯಾಟರಿ ನೆಗೆಟಿವ್‌ಗೆ ಮರಳುವ ದಾರಿ) ನುಂಗಿದ್ದವು.

ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಡಬ್ಬಿ, ಬೇಕಾಗುವುದು ಇದಕ್ಕೇ. ಅದರ ಕಾಯಿಲ್ 150-200 ಮಿಲಿಆಂಪ್ ಎಳೆದರೆ ಹೆಚ್ಚು, ಅಷ್ಟನ್ನು ಸ್ವಿಚ್ಚು ಆರಾಮಾಗಿ ಹೊರುತ್ತದೆ. ಪಂಪಿನ ಕರೆಂಟು ಬ್ಯಾಟರಿಯಿಂದ ನೇರ ಬರುತ್ತದೆ. ಬ್ಯಾಟರಿ ಪಾಸಿಟಿವ್‌ನಿಂದ 10 ಅಥವಾ 15 ಆಂಪ್ ಫ್ಯೂಸ್ ದಾಟಿ ರಿಲೇಯ 30ನೇ ನಂಬರಿನ ಪಿನ್ನಿಗೆ, 87ರಿಂದ ಪಂಪಿಗೆ, 86ಕ್ಕೆ ಇಗ್ನಿಷನ್ ಲೈನ್, 85 ಅರ್ತ್‌ಗೆ. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಲಿ, ಯಾಕೆಂದರೆ ಫ್ಯೂಸಿಗಿಂತ ಮೊದಲಿನ ವೈರ್ ಉಜ್ಜಿ ಬಾಡಿಗೆ ತಾಗಿದರೆ ಅದನ್ನು ಕಾಯುವವರೇ ಇಲ್ಲ. ಐದು ಪಿನ್ನಿನ ರಿಲೇ ಸಿಕ್ಕರೆ 87ಎ ಮುಟ್ಟಬೇಡಿ, ಪಂಪನ್ನು ಅಲ್ಲಿಗೆ ಕೊಟ್ಟರೆ ಕೀ ಆಫ್ ಮಾಡಿದಾಗ ಪಂಪ್ ಓಡಲು ಶುರುವಾಗುತ್ತದೆ. ಒಳಗೆ ಡಯೋಡ್ (ಕರೆಂಟನ್ನು ಒಂದೇ ಕಡೆಗೆ ಬಿಡುವ ಭಾಗ) ಇರುವ ರಿಲೇಯಾದರೆ 85, 86 ಅದಲುಬದಲು ಆಗಲೇಬಾರದು.

ಇಷ್ಟು ಎಲ್ಲ ಊರಿಗೂ ಒಂದೇ. ನಮ್ಮ ಕರಾವಳಿಯಲ್ಲಿ ನಿಜವಾದ ಶತ್ರು ಕಿಲುಬು. ಉಪ್ಪುಗಾಳಿ ಸಾಲದು ಅಂತ ಮೀನಿನ ಗಾಡಿಯಲ್ಲಿ ಐಸ್ ಕರಗಿದ ಉಪ್ಪುನೀರು ಚಾಸಿಸ್ ಮೇಲೇ ಸೋರುತ್ತದೆ, ಪಂಪಿನ ಅರ್ತ್ ಬೋಲ್ಟ್ ಇರುವುದೂ ಅಲ್ಲೇ ಅಲ್ವಾ. ಈ ಪಿಕಪ್ಪಿನಲ್ಲಿ ಲಗ್, ಅಂದರೆ ವೈರ್ ತುದಿಯ ಲೋಹದ ಕೊಂಡಿ, ಬಿಚ್ಚಿದರೆ ತಾಮ್ರವೆಲ್ಲ ಹಸಿರು ಪುಡಿ. ಹಾಗಾಗಿ ನಾನು ಅರ್ತ್‌ಗೂ ಅಷ್ಟೇ ದಪ್ಪದ ವೈರನ್ನು ಬ್ಯಾಟರಿ ನೆಗೆಟಿವ್ ತನಕ ಎಳೆಯುತ್ತೇನೆ. ಖರ್ಚು ಸ್ವಲ್ಪ ಜಾಸ್ತಿ, ಆದರೆ ಬೋಲ್ಟ್ ನಂಬಿ ಕೂರಬೇಕಾಗಿಲ್ಲ. ಲಗ್ಗನ್ನು ಗಟ್ಟಿಯಾಗಿ ಒತ್ತಿ, ಒಳಗೆ ಅಂಟು ಇರುವ, ಬಿಸಿಗೆ ಮುದುಡಿ ಬಿಗಿಯುವ ಹೀಟ್ ಸ್ಲೀವ್ ಹಾಕಿ, ಸುಮ್ನೆ ಟೇಪ್ ಸುತ್ತಿ ಬಿಡಬೇಡಿ, ಟೇಪಿನೊಳಗೆ ನೀರು ನಿಂತು ಇನ್ನೂ ಬೇಗ ತಿನ್ನುತ್ತದೆ. ರಿಲೇಯನ್ನು ಪಿನ್ ಕೆಳಗೆ ಬರುವಂತೆ ಕೂರಿಸಿ. ವೈರ್ ಒಮ್ಮೆ ಕೆಳಗೆ ಇಳಿದು ಮೇಲೆ ಹತ್ತಲಿ, ಆಗ ಮಳೆನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಬಿಡಬೇಡಿ. ಗಾಡಿ ಪಲ್ಟಿಯಾಗಿ ಪೈಪ್ ಕಿತ್ತು ಎಂಜಿನ್ ನಿಂತರೂ, ಕೀ ಆನ್ ಇದ್ದರೆ ಪಂಪ್ ಡೀಸೆಲ್ ಸುರಿಯುತ್ತಲೇ ಇರುತ್ತದೆ. ಆದ್ದರಿಂದ 86ರ ಲೈನನ್ನು ಆಯಿಲ್ ಪ್ರೆಶರ್ ಸ್ವಿಚ್ ಮೂಲಕ ತನ್ನಿ, ಎಂಜಿನ್ ನಿಂತರೆ ಆಯಿಲ್ ಪ್ರೆಶರ್ ಇಳಿದು ಪಂಪೂ ನಿಲ್ಲುತ್ತದೆ. ಡ್ಯಾಶ್‌ಬೋರ್ಡಿನ ಆಯಿಲ್ ಲ್ಯಾಂಪಿನ ಮಾಮೂಲಿ ಸ್ವಿಚ್ ಆಗುವುದಿಲ್ಲ, ಅದು ಪ್ರೆಶರ್ ಇಲ್ಲದಾಗ ಅರ್ತ್ ಕೊಡುವಂಥದ್ದು. ಪ್ರೆಶರ್ ಬಂದಾಗ ಕೂಡುವ, ಎರಡು ತುದಿಯ ಸ್ವಿಚ್ ಬೇಕು. ಫಿಲ್ಟರ್ ಬದಲಿಸಿದಾಗ ಎಂಜಿನ್ ಓಡದೆಯೇ ಪಂಪ್ ಓಡಿಸಿ ಏರ್ ತೆಗೆಯಲು ಆ ಸ್ವಿಚ್ಚಿನ ಎರಡು ತುದಿಗೂ ಸೇರುವಂತೆ ಒಂದು ಒತ್ತುಗುಂಡಿ ಹಾಕಿ, ಕೈಬಿಟ್ಟರೆ ಆಫ್ ಆಗುವಂಥದ್ದೇ ಇರಲಿ.

ಆ ಪಿಕಪ್ಪಿಗೆ ಅದೇ ಪಂಪ್ ಉಳಿಸಿ ವೈರಿಂಗ್ ಅಷ್ಟೇ ಬದಲಿಸಿದೆ. ಪಂಪಿನ ತುದಿಯಲ್ಲಿ ಮೀಟರ್ 13.3 ತೋರಿಸಿತು. ಮರುದಿನ ಘಟ್ಟದ ಮೇಲಿನಿಂದಲೇ ಡ್ರೈವರ್ ಫೋನ್ ಮಾಡಿದ.