ಶಹಾಬಾದ್ ಫರ್ಸಿಯ ಕೆಳಗೆ ಎಣ್ಣೆ ಯಾಕಿಲ್ಲ?

ಕಲಬುರಗಿ ಕಡೆ ಮನೆಯ ನೆಲಕ್ಕೆ ಹಾಸುವ ಶಹಾಬಾದ್ ಫರ್ಸಿ ಒಂದು ಕಾಲದ ಸಮುದ್ರದ ತಳ. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳು ಅರೆಯುವುದೂ ಅದೇ ಸುಣ್ಣಕಲ್ಲನ್ನು. ಭೂವಿಜ್ಞಾನಿಗಳು ಇದನ್ನು ಭೀಮಾ ಬೇಸಿನ್ (ಹೂಳು ತುಂಬಿದ ತಗ್ಗು) ಅನ್ನುತ್ತಾರೆ. ಎಣ್ಣೆ ಹುಟ್ಟುವುದು ಸಮುದ್ರದ ಹೂಳಿನಲ್ಲಿ ಅಂದಮೇಲೆ ನಮ್ಮ ಖಣಿಗಳ ಕೆಳಗೆ ಯಾಕೆ ಸಿಗಬಾರದು?

ಈ ಕಲ್ಲು ತೀರಾ ಹಳೆಯದು, ಆಗಿನ್ನೂ ಮೀನುಗಳೇ ಇರಲಿಲ್ಲ ಎಂಬ ಉತ್ತರ ಸಾಲದು. ಒಮಾನಿನಲ್ಲಿ ಮೀನು ಹುಟ್ಟುವ ಮೊದಲಿನ ಕಲ್ಲುಗಳೂ ಎಣ್ಣೆ ಕೊಟ್ಟಿವೆ; ಪಾಚಿ, ಬ್ಯಾಕ್ಟೀರಿಯಾಗಳೇ ಸಾಕಾದವು. ನಮ್ಮಲ್ಲಿ ಕೊರತೆ ಇರುವುದು ಆಳದಲ್ಲಿ. ಜೀವಾವಶೇಷ ಎಣ್ಣೆಯಾಗಲು ಸುಮಾರು 60ರಿಂದ 120 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಸಾಮಾನ್ಯವಾಗಿ ಅದು ಸಿಗುವುದು 2ರಿಂದ 4 ಕಿಲೋಮೀಟರ್ ಕೆಳಗೆ. ಭೀಮಾದಲ್ಲಿ ಇಂದು ಉಳಿದಿರುವ ಪದರಗಳು ಕೆಲವೇ ನೂರು ಮೀಟರ್ ದಪ್ಪ.

ನೆಲ ತಾನಾಗಿ ಅಷ್ಟು ಕುಸಿಯುವುದಿಲ್ಲ. ಭೂಫಲಕಗಳ ಎಳೆದಾಟ ಬೇಕು. ಎಳೆದಾಗಲೂ ಹಳೆಯ ಅಂಗಿ ಹೊಲಿಗೆ ಇದ್ದಲ್ಲೇ ಬಿಚ್ಚುವ ಹಾಗೆ ನೆಲ ಹಳೆಯ ಬಿರುಕಿನಲ್ಲೇ ಸೀಳುತ್ತದೆ. ಪೂರ್ವಕ್ಕೆ, ತೆಲಂಗಾಣದ ಗೋದಾವರಿ ಕಣಿವೆಯನ್ನೇ ನೋಡಿ. ಧಾರವಾಡ ಮತ್ತು ಬಸ್ತರ್ ಎಂಬ ಎರಡು ಪುರಾತನ ಭೂತುಂಡುಗಳು ಕೂಡಿಕೊಂಡದ್ದು ಅಲ್ಲಿ. ಆ ಗಡಿಯ ಗುಂಟ ನೆಲ ಕುಸಿಯಿತು. ಅಲ್ಲಿ ಹೂತ ಸಸ್ಯರಾಶಿಯೇ ಸಿಂಗರೇಣಿಯ ಕಲ್ಲಿದ್ದಲು. ಮುಂದೆ, ಸುಮಾರು 13 ಕೋಟಿ ವರ್ಷಗಳ ಹಿಂದೆ, ಭಾರತ ಅಂಟಾರ್ಕ್ಟಿಕಾದಿಂದ ಕಳಚಿಕೊಳ್ಳುವಾಗ ಕಣಿವೆಯ ಕಡಲಂಚಿಗೆ ಅಡ್ಡಲಾಗಿ ಹೊಸ ಸ್ತರಭಂಗಗಳು, ಅಂದರೆ ನೆಲ ಸೀಳಿ ಜಾರಿದ ಬಿರುಕುಗಳು, ಎದ್ದವು. ಅವುಗಳ ನಡುವಿನ ತಗ್ಗುಗಳಲ್ಲಿ ಕಿಲೋಮೀಟರುಗಟ್ಟಲೆ ಹೂಳು ತುಂಬಿತು, ಬೆಂದಿತು. ವಾಲಿದ ಕಲ್ಲುಹಾಸುಗಳು ಮೇಲೇರುವ ಎಣ್ಣೆ, ಅನಿಲವನ್ನು ತಡೆದು ಹಿಡಿದವು. ಅದೇ ಕೃಷ್ಣಾ-ಗೋದಾವರಿ ಬೇಸಿನ್. (ಅಣೆಕಟ್ಟುಗಳು ಹಿಡಿದುಕೊಳ್ಳದಿದ್ದರೆ ನಮ್ಮ ಭೀಮೆಯ ಮಣ್ಣೂ ಕೊನೆಗೆ ಹೋಗಿ ಬೀಳುವುದು ಅಲ್ಲಿಗೇ.)

ಹಾಗಂತ ಭೀಮಾದಲ್ಲಿ ಸ್ತರಭಂಗಗಳಿಲ್ಲ ಎಂದಲ್ಲ. ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಅಂಥದ್ದೊಂದು ಸುಣ್ಣಕಲ್ಲನ್ನೂ ಅಡಿಯ ಗ್ರಾನೈಟನ್ನೂ ನುಚ್ಚುನೂರು ಮಾಡಿದೆ. ಆ ಸಂದುಗಳಲ್ಲಿ ಹರಿದ ದ್ರವ ಬಿಟ್ಟುಹೋದದ್ದು ಯುರೇನಿಯಂ. ಇಲ್ಲಿ ನೆಲ ಮುರಿಯಿತೇ ಹೊರತು ಗೋದಾವರಿಯಷ್ಟು ಇಳಿಯಲಿಲ್ಲ.

ಇನ್ನು ಬೀದರ್. ಅಲ್ಲಿ ಲಾವಾ ಎಲ್ಲವನ್ನೂ ಮುಚ್ಚಿರುವುದರಿಂದ ಅದರಡಿ ಏನೋ ಇದ್ದೀತು ಎಂಬ ಆಸೆ ಸಹಜ. ಒಂದು ಬೋರಿನಿಂದ ಇಡೀ ಜಿಲ್ಲೆಯ ಲೆಕ್ಕ ಹಾಕಲಾಗದು, ನಿಜ. ಆದರೆ ಗಡಿಯಾಚೆ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ 1993ರ ಭೂಕಂಪದ ನಂತರ ಕೊರೆದು ನೋಡಿದಾಗ, 338 ಮೀಟರ್ ಲಾವಾ ದಾಟಿದ ಮೇಲೆ ಸಿಕ್ಕ ಹೂಳಿನ ಪದರ ಬರೀ 8 ಮೀಟರ್. ಅದರ ಕೆಳಗೆ ಗಟ್ಟಿ ತಳಗಲ್ಲು.